ಹೆಂಡತಿಗೆ ಹೊಡೆದವನ ಹತ್ರ ಗನ್ ಇರಬಾರದು ಅಂತ ಕಾನೂನು ಇದೆ, ಸರಿ, ಆದ್ರೆ ಅವನ ಮನೆಯಿಂದ ತರೋರು ಯಾರು?

ತುಂಗಾತೀರ
ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಟೆಕ್ಸಾಸ್‌ಗೆ ಬಂದು 14 ವರ್ಷ ಆಯ್ತು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬರೋ ನಮ್ಮ ಕಡೆಯ ಹೆಣ್ಮಕ್ಕಳಿಗೆ ಸಹಾಯ ಮಾಡೋ ಒಂದು ಗುಂಪಿದೆ, ಅದರಲ್ಲಿ ವಾಲಂಟಿಯರ್ ಆಗಿದೀನಿ. ಕೋರ್ಟಿಗೆ ಹೋಗುವಾಗ ಧೈರ್ಯಕ್ಕೆ ಅಂತ ಜೊತೆಗೆ ಹೋಗಿ ಪಕ್ಕದಲ್ಲಿ ಕೂತ್ಕೋತೀನಿ, ಅಷ್ಟೆ ನನ್ನ ಕೆಲಸ.

ಕೆಲವು ವಾರದ ಹಿಂದೆ ಒಬ್ಬ ಹುಡುಗಿ ಜೊತೆ ಹೋಗಿದ್ದೆ. ಯಾರು, ಯಾವ ಊರು, ಯಾವ ಕೋರ್ಟ್ ಅಂತ ಕೇಳಬೇಡಿ, ಹೇಳಲ್ಲ. ಜಡ್ಜ್ ಎಲ್ಲ ಕೇಳಿ ಎರಡು ವರ್ಷದ ಪ್ರೊಟೆಕ್ಟಿವ್ ಆರ್ಡರ್, ಅಂದ್ರೆ ರಕ್ಷಣಾ ಆದೇಶ ಕೊಟ್ರು, ಮನೆ ಹತ್ರ ಬರಬಾರದು, ಫೋನ್ ಮಾಡಬಾರದು, ಗನ್ ಇಟ್ಕೋಬಾರದು. ಅವನು ಎಲ್ಲದಕ್ಕೂ ತಲೆ ಅಲ್ಲಾಡಿಸಿದ. ಆಗ ಈ ಹುಡುಗಿ ನನ್ನ ಕಿವಿ ಹತ್ರ ಬಂದು ಕನ್ನಡದಲ್ಲಿ ಕೇಳಿದ್ಲು, "ಅಕ್ಕಾ, ಹಂಗಾದ್ರೆ ಇವತ್ತು ಸಂಜೆ ಪೊಲೀಸ್ರು ಹೋಗಿ ಎರಡೂ ಗನ್ ತಗೊಂಡು ಬರ್ತಾರಾ?" ಒಂದು ಮಂಚದ ಪಕ್ಕದ ಡ್ರಾಯರ್‌ನಲ್ಲಿ, ಇನ್ನೊಂದು ಕಾರಲ್ಲಿ ಅಂತೆ. ನಾನು ಹೊರಗಡೆ ಬಂದು ಅಲ್ಲಿನ ಸಿಬ್ಬಂದಿ ಹತ್ರ ಕೇಳಿದೆ. ಅವರು ಹೇಳಿದ್ದು, ಅದು ಅವರೇ ತಾವಾಗಿ ಬಿಟ್ಟುಕೊಡಬೇಕು ಮೇಡಂ, ನಾವು ಯಾರೂ ಹೋಗಿ ನೋಡಲ್ಲ ಅಂತ. ಆಮೇಲೆ ಅವನ ವಕೀಲರು ಬಂದು, ಗನ್ ಎಲ್ಲ ಫ್ರೆಂಡ್ ಮನೇಲಿಟ್ಟಿದಾರೆ ಅಂದ್ರು. ಯಾವ ಫ್ರೆಂಡ್, ಯಾವ ದಿನ ಇಟ್ಟಿದ್ದು, ರಸೀದಿ ಇದೆಯಾ, ಇದನ್ನ ಒಬ್ರೂ ಕೇಳಲಿಲ್ಲ.

ಆ ಹುಡುಗಿ ಅವತ್ತು ರಾತ್ರಿ ಮಲಗಿಲ್ಲ. ನಾನೂ ಮಲಗಿಲ್ಲ. ಇದನ್ನ ಮಾತಾಡೋಣ ಅಂತ ಹಾಕಿದೀನಿ.

ಪೇಡೆನಗರ
ಅಕ್ಕಾರ, ಅಮೆರಿಕಾದಾಗ ಯಾರ್ ಬೇಕಾದ್ರೂ ಗನ್ ಇಟ್ಕೋಬಹುದು ಅಂತ ತಿಳ್ಕೊಂಡಿದ್ದೆ ನಾ. ಹೆಂಡತಿಗೆ ಹೊಡದ್ರ ಗನ್ ಇಟ್ಕೊಳ್ಳಾಕ ಬರಂಗಿಲ್ಲ ಅಂತ ಖರೇನ ಕಾನೂನು ಐತೇನು?

ತುಂಗಾತೀರ
ಇದೆ ಅಣ್ಣ, ಅದೂ ದೇಶಕ್ಕೆಲ್ಲ ಅನ್ವಯ ಆಗೋ ಫೆಡರಲ್ ಕಾನೂನು. ದೊಡ್ಡ ಅಪರಾಧದಲ್ಲಿ ಶಿಕ್ಷೆ ಆದವರು ಗನ್ ಇಟ್ಕೋಬಾರದು ಅಂತ 1968ರಿಂದಲೇ ಇತ್ತು. ಆದ್ರೆ ಮನೆ ಒಳಗಿನ ಹೊಡೆತ ಬಡಿತ ಎಲ್ಲ ಸಾಮಾನ್ಯವಾಗಿ ಸಣ್ಣ ಅಪರಾಧ ಅಂತಲೇ ಮುಗೀತಿತ್ತು, ಅಂದ್ರೆ ಬೀದಿಯಲ್ಲಿ ಯಾರಿಗೋ ಹೊಡೆದ್ರೆ ದೊಡ್ಡ ಕೇಸು, ಅದೇ ಹೊಡೆತ ಹೆಂಡತಿಗೆ ಬಿದ್ರೆ ಸಣ್ಣ ಕೇಸು, ಗನ್ ಅವನ ಹತ್ರಾನೇ. 1994ರಲ್ಲಿ ಮೊದಲು ಕೋರ್ಟಿನ ರಕ್ಷಣಾ ಆದೇಶ ಇರೋವಷ್ಟು ದಿನ ಗನ್ ಇಟ್ಕೋಬಾರದು ಅಂತ ಬಂತು. 1996ರಲ್ಲಿ ನ್ಯೂಜೆರ್ಸಿ ಸೆನೆಟರ್ ಫ್ರ್ಯಾಂಕ್ ಲಾಟನ್‌ಬರ್ಗ್ ತಂದ ತಿದ್ದುಪಡಿ ಬಂತು, ಅದರಲ್ಲಿ ಸಣ್ಣ ಅಪರಾಧ ಆದ್ರೂ ಸರಿ, ಮನೆಯವಳ ಮೇಲೆ ಕೈ ಮಾಡಿ ಶಿಕ್ಷೆ ಆಗಿದ್ರೆ ಗನ್ ಇಲ್ಲ. ಇದಕ್ಕೆ ಪೊಲೀಸರಿಗೂ ಮಿಲಿಟರಿಯವರಿಗೂ ವಿನಾಯಿತಿ ಇಲ್ಲ, 1996ಕ್ಕಿಂತ ಹಿಂದೆ ಆದ ಶಿಕ್ಷೆಗೂ ಅನ್ವಯ, ಹಾಗಾಗಿ ಎಷ್ಟೋ ಪೊಲೀಸರು ಆಗ ಗನ್ ಬಿಡಬೇಕಾಯ್ತು.

ಭಾನುವಾರದ ರೇಂಜ್
ನಾನೂ ಟೆಕ್ಸಾಸ್‌ನಲ್ಲೇ ಇರೋದು. ನನ್ನ ಹತ್ರ ಲೀಗಲ್ ಆಗಿ ಮೂರು ಗನ್ ಇದೆ, ರೇಂಜ್‌ಗೆ ಹೋಗ್ತೀನಿ, ಮಗನಿಗೂ ಸೇಫ್ಟಿ ಕಲಿಸಿದೀನಿ. ಮೇಡಂ ಹೇಳಿದ್ದು ಅರ್ಥ ಆಗುತ್ತೆ, ಹೊಡೆಯೋನ ಪರ ನಾನು ಯಾವತ್ತೂ ನಿಲ್ಲಲ್ಲ. ಆದ್ರೆ ಒಂದು ಮಾತು ಹೇಳಲೇಬೇಕು. ಶಿಕ್ಷೆ ಆದವನ ಗನ್ ತಗೊಳ್ಳೋದು ಬೇರೆ, ಪ್ರೊಟೆಕ್ಟಿವ್ ಆರ್ಡರ್ ಅನ್ನೋದು ಸಿವಿಲ್ ಆದೇಶ, ಅಲ್ಲಿ ಅಪರಾಧ ಸಾಬೀತಾಗಿರಲ್ಲ, ಜ್ಯೂರಿ ಇರಲ್ಲ, ಸರ್ಕಾರದ ಖರ್ಚಲ್ಲಿ ವಕೀಲರನ್ನೂ ಕೊಡಲ್ಲ. ಈ ದೇಶದ ಸಂವಿಧಾನ ಕೊಟ್ಟ ಹಕ್ಕನ್ನ ಅಷ್ಟಕ್ಕೇ ಕಿತ್ಕೋಬಹುದಾ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. 2022ರಲ್ಲಿ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು, ಅಂದ್ರೆ ಗನ್ ನಿರ್ಬಂಧ ಹಳೇ ಕಾಲದ ಕಾನೂನು ಸಂಪ್ರದಾಯಕ್ಕೆ ಹೊಂದಬೇಕು ಅನ್ನೋ ತೀರ್ಪು ಬಂದಮೇಲೆ ಕೋರ್ಟುಗಳೇ ಇದನ್ನ ಗಂಭೀರವಾಗಿ ಕೇಳಿದ್ದಾವೆ.

ಹೇಮಾವತಿ ವಕೀಲ
ನಾನು ಹಾಸನದಲ್ಲಿ ಪ್ರಾಕ್ಟೀಸ್ ಮಾಡೋದು, ಅಮೆರಿಕಾದ ಕಾನೂನು ಓದೋದು ಆಸಕ್ತಿಗೆ. ರೇಂಜ್ ಅವರು ಹೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರವೂ ಬಂದಿದೆ. ನಿಮ್ಮ ಟೆಕ್ಸಾಸ್‌ನದ್ದೇ ಕೇಸು, ರಹಿಮಿ ಅಂತ. 2019ರ ಡಿಸೆಂಬರ್‌ನಲ್ಲಿ ಆರ್ಲಿಂಗ್ಟನ್‌ನ ಒಂದು ಪಾರ್ಕಿಂಗ್ ಜಾಗದಲ್ಲಿ ಅವನು ತನ್ನ ಮಗುವಿನ ತಾಯಿಯನ್ನ ಎಳೆದಾಡಿ ಕಾರಿಗೆ ತಳ್ಳಿದ, ಯಾರೋ ನೋಡಿದ್ರು ಅಂತ ಗುಂಡು ಹಾರಿಸಿದ, ಅವಳು ಓಡಿ ತಪ್ಪಿಸಿಕೊಂಡ ಮೇಲೆ ಫೋನ್ ಮಾಡಿ ಯಾರಿಗಾದ್ರೂ ಹೇಳಿದ್ರೆ ನಿನ್ನನ್ನೂ ಶೂಟ್ ಮಾಡ್ತೀನಿ ಅಂದ. 2020ರ ಫೆಬ್ರವರಿಯಲ್ಲಿ ಎರಡು ವರ್ಷದ ಆದೇಶ ಆಯ್ತು, ಗನ್ ಇಟ್ಕೋಬಾರದು ಅಂತಲೂ ಇತ್ತು. ಆಮೇಲೆ ಅದೇ ವರ್ಷದ ಕೊನೆಯಿಂದ 2021ರ ಜನವರಿ ಒಳಗೆ ಐದು ಕಡೆ ಗುಂಡು ಹಾರಿಸಿದ. ಫ್ರೆಂಡ್ ಕಾರ್ಡ್ ನಡೀಲಿಲ್ಲ ಅಂತ ಬರ್ಗರ್ ಅಂಗಡಿ ಹತ್ರ ಗಾಳಿಯಲ್ಲಿ ಹಾರಿಸಿದ್ದೂ ಸೇರಿ. ಪೊಲೀಸರು ಮನೆ ಶೋಧ ಮಾಡಿದಾಗ ಪಿಸ್ತೂಲು, ರೈಫಲ್ ಎರಡೂ ಸಿಕ್ವು, ಆದೇಶದ ಪ್ರತಿಯೂ ಸಿಕ್ತು.

ಟೆಕ್ಸಾಸ್ ಕಡೆಯ ಫೆಡರಲ್ ಮೇಲ್ಮನವಿ ಕೋರ್ಟ್ ಆದ ಫಿಫ್ತ್ ಸರ್ಕ್ಯೂಟ್ 2023ರಲ್ಲಿ, ಆದೇಶ ಇರೋವರೆಗೆ ಗನ್ ಇಲ್ಲ ಅನ್ನೋ ಈ ಕಾನೂನು ಬ್ರೂಯೆನ್ ಪ್ರಕಾರ ನಿಲ್ಲಲ್ಲ, ಹಳೇ ಕಾಲದಲ್ಲಿ ಇಂಥದ್ದು ಇರಲಿಲ್ಲ ಅಂತ ಹೊಡೆದುಹಾಕ್ತು. ಸುಪ್ರೀಂ ಕೋರ್ಟ್ 2024ರ ಜೂನ್ 21ಕ್ಕೆ ಅದನ್ನ ತಿರುಗಿಸ್ತು, 8 ಜನ ಒಂದು ಕಡೆ, ಥಾಮಸ್ ಒಬ್ಬರೇ ಇನ್ನೊಂದು ಕಡೆ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದಿದ್ದು. ಇನ್ನೊಬ್ಬರ ಜೀವಕ್ಕೆ ಅಪಾಯ ಅಂತ ಕೋರ್ಟೇ ಕಂಡುಕೊಂಡವನ ಕೈಯಿಂದ ತಾತ್ಕಾಲಿಕವಾಗಿ ಆಯುಧ ತೆಗೆಯೋದು ತಪ್ಪಲ್ಲ ಅಂತ. ಆಧಾರ ಯಾವುದು ಗೊತ್ತಾ? ಹಳೇ ಕಾಲದ ಶ್ಯೂರಿಟಿ ಕಾನೂನುಗಳು, ಅಂದ್ರೆ ಒಬ್ಬನಿಂದ ನನಗೆ ಭಯ ಇದೆ ಅಂತ ಯಾರಾದ್ರೂ ಹೇಳಿದ್ರೆ ಮ್ಯಾಜಿಸ್ಟ್ರೇಟ್ ಅವನನ್ನ ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳೋದು. ನಮ್ಮಲ್ಲಿ 107 ಹಾಕೋದು ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಓದುವಾಗ ನನಗೆ ನಮ್ಮ ತಾಲೂಕು ಕಚೇರಿ ಕಣ್ಮುಂದೆ ಬಂತು.

ಭಾನುವಾರದ ರೇಂಜ್
ತೀರ್ಪು ಓದಿದೀನಿ ಸರ್, ಒಪ್ಪಲೇಬೇಕು. ನೋಟಿಸ್ ಕೊಟ್ಟು, ಎರಡೂ ಕಡೆ ಕೇಳಿ ಆದಮೇಲೆ ಬರೋ ಆದೇಶಕ್ಕೆ ಮಾತ್ರ ಇದು ಅನ್ನೋದು ನನಗೆ ಸಮಾಧಾನ.

ತುಂಗಾತೀರ
ಆ ಸಮಾಧಾನದ ಒಳಗೇ ಒಂದು ತೂತು ಇದೆ, ಅದನ್ನೂ ಹೇಳಿಬಿಡ್ತೀನಿ. ಹೆಣ್ಣು ಮನೆ ಬಿಟ್ಟು ಬಂದ ದಿನ ಸಿಗೋದು ತಾತ್ಕಾಲಿಕ ಆದೇಶ, ಅವನ ಮಾತು ಕೇಳದೇ ಕೊಡೋದು, ಟೆಕ್ಸಾಸ್‌ನಲ್ಲಿ ಅದು 20 ದಿನದವರೆಗೆ. ಫೆಡರಲ್ ಗನ್ ಕಾನೂನು ಆ ದಿನಗಳಿಗೆ ಅನ್ವಯ ಆಗಲ್ಲ, ಯಾಕಂದ್ರೆ ಹಿಯರಿಂಗ್ ಆಗಿಲ್ಲ. ಆದ್ರೆ ಅವನಿಗೆ ಸಿಟ್ಟು ನೆತ್ತಿಗೇರಿರೋದೇ ಆ ದಿನಗಳಲ್ಲಿ, ಬಿಟ್ಟು ಹೋದ್ಲಲ್ಲ ಅನ್ನೋ ಸಿಟ್ಟು. ನಮ್ಮ ಗುಂಪಲ್ಲಿ ಹಳಬರು ಹೇಳೋದು ಇದನ್ನೇ, ಜೊತೇಲಿದ್ದಾಗ ಇರೋ ಅಪಾಯ ಒಂದು, ಬಿಟ್ಟು ಬಂದ ಮೊದಲ ವಾರಗಳ ಅಪಾಯ ಇನ್ನೊಂದು, ಎರಡನೇದು ದೊಡ್ಡದು. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅಂತ ನರ್ಸಿಂಗ್ ಪ್ರೊಫೆಸರ್ 11 ನಗರಗಳಲ್ಲಿ ಅಧ್ಯಯನ ಮಾಡಿ 2003ರಲ್ಲಿ ಬರೆದ್ರು, ಹೊಡೆಯೋ ಗಂಡನ ಕೈಗೆ ಗನ್ ಸಿಗೋ ಹಾಗಿದ್ರೆ ಅವಳು ಕೊಲೆಯಾಗೋ ಅಪಾಯ ಸುಮಾರು ಐದು ಪಟ್ಟು ಜಾಸ್ತಿ ಅಂತ. ನಾವು ಈಗ ಫೋನ್ ಬಂದ ಕೂಡ್ಲೇ ಊಟ ಆಯ್ತಾ ಅಂತ ಕೇಳಿದಷ್ಟೇ ಸಹಜವಾಗಿ ಮನೇಲಿ ಗನ್ ಇದೆಯಾ ಅಂತ ಕೇಳ್ತೀವಿ.

ಸಿಲಿಕಾನ್ ಸೊಪ್ಪು
ಕ್ಯಾಲಿಫೋರ್ನಿಯಾದಲ್ಲಿ ಇದು ಬೇರೆ ಥರ. ನನ್ನ ಸ್ನೇಹಿತೆಯೊಬ್ಬಳ ಕೇಸಲ್ಲಿ ನೋಡಿದ್ದೆ. ಆದೇಶದ ಪ್ರತಿ ಅವನ ಕೈಗೆ ಕೊಟ್ಟ 24 ಗಂಟೆ ಒಳಗೆ ಗನ್ ಪೊಲೀಸರಿಗೆ ಕೊಡಬೇಕು, ಇಲ್ಲಾ ಲೈಸೆನ್ಸ್ ಇರೋ ಡೀಲರ್‌ಗೆ ಮಾರಬೇಕು ಅಥವಾ ಇಡಬೇಕು, 48 ಗಂಟೆ ಒಳಗೆ ರಸೀದಿ ಕೋರ್ಟಿಗೆ ಸಲ್ಲಿಸಬೇಕು. ತಾತ್ಕಾಲಿಕ ಆದೇಶಕ್ಕೂ ಇದೇ ನಿಯಮ. ಫ್ರೆಂಡ್ ಮನೇಲಿದೆ ಅನ್ನೋ ಮಾತು ಅಲ್ಲಿ ನಡಿಯಲ್ಲ, ಕಾಗದ ಎಲ್ಲಿ ಅಂತ ಕೇಳ್ತಾರೆ. ಆದ್ರೂ ಎಲ್ಲಾ ಕಡೆ ಪಕ್ಕಾ ನಡಿಯುತ್ತೆ ಅಂತ ಹೇಳಲ್ಲ, ರಸೀದಿ ಬರಲಿಲ್ಲ ಅಂದ್ರೆ ಹಿಂದೆ ಬಿದ್ದು ಕೇಳೋರು ಬೇಕಲ್ಲ.

ತುಂಗಾತೀರ
ಅದೇ ನೋಡಿ, ಒಂದೇ ದೇಶ. ಇಲ್ಲಿ ಡಲ್ಲಾಸ್ ಕೌಂಟಿಯಲ್ಲಿ 2015ರಲ್ಲಿ ಒಬ್ಬ ಜಡ್ಜ್ ಮುತುವರ್ಜಿಯಿಂದ ಗನ್ ಒಪ್ಪಿಸೋ ಕಾರ್ಯಕ್ರಮ ಶುರುವಾಯ್ತು, ಅಂದ್ರೆ ಕಾನೂನು ಬಂದು 20 ವರ್ಷ ಆದಮೇಲೆ ಒಪ್ಪಿಸಿದ ಗನ್ ಇಡೋಕೆ ಒಂದು ಜಾಗ ಸಿಕ್ತು. ಅದಕ್ಕೆ ಮೊದಲು ಯಾರಾದ್ರೂ ಪ್ರಾಮಾಣಿಕವಾಗಿ ತಂದುಕೊಟ್ರೂ ಎಲ್ಲಿಡೋದು ಅಂತ ಗೊತ್ತಿರಲಿಲ್ಲ. ರಾಜ್ಯಕ್ಕೆಲ್ಲ ಅನ್ವಯ ಆಗೋ ಒಂದು ಪದ್ಧತಿ ಮಾಡ್ಲಿಲ್ಲ ಇವರು.

ಪೇಡೆನಗರ
ನಾ ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಖೊಟ್ಟಿ ಕೇಸ್ ಹಾಕಿದ್ರ ಏನ್ ಮಾಡೂದು? ನಮ್ಮ ಓಣ್ಯಾಗ ಒಬ್ಬಾಂವ ಎಂಟು ವರ್ಷ 498ಎ, ಅಂದ್ರ ಹೆಂಡತಿಗೆ ಕಿರುಕುಳ ಕೊಟ್ಟ ಅನ್ನೂ ಕೇಸಿಗೆ ಅಡ್ಡಾಡ್ಯಾನ, ಕಡೀಕ ಏನೂ ಇಲ್ಲ ಅಂತ ಬಿಟ್ರು. ಅವ್ವ ಅಪ್ಪ ಇಬ್ರೂ ಆ ಚಿಂತಿಯೊಳಗ ಹೋದ್ರು. ಅಂಥಾ ಕಥಿನೂ ಅದಾವಲ್ಲ.

ತುಂಗಾತೀರ
ಸಿಟ್ಟೇನಿಲ್ಲ ಅಣ್ಣ, ಆ ಮನೆಯವರ ನೋವೂ ನೋವೇ. ನಾನು ಹೇಳೋದು ಇಷ್ಟೇ, ಇಲ್ಲಿ ಕೇಳ್ತಿರೋದು ಜೈಲಿಗೆ ಹಾಕಿ ಅಂತ ಅಲ್ಲ, ಮನೆ ಕಿತ್ಕೊಳ್ಳಿ ಅಂತ ಅಲ್ಲ. ವಿಚಾರಣೆ ಆಗೋವರೆಗೆ, ಆದೇಶ ಇರೋವರೆಗೆ, ಒಂದು ವಸ್ತುವನ್ನ ಬೇರೆ ಕಡೆ ಇಡಿ ಅಂತ. ಕೇಸ್ ಸುಳ್ಳು ಅಂತಾದ್ರೆ ರಸೀದಿ ತೋರಿಸಿ ವಾಪಸ್ ತಗೊಂಡು ಹೋಗ್ತಾನೆ. ಕೇಸ್ ನಿಜ ಆಗಿದ್ದು ಗನ್ ಮನೇಲೇ ಇದ್ರೆ ಅವಳನ್ನ ವಾಪಸ್ ತರೋಕೆ ಯಾವ ರಸೀದಿಯೂ ಇಲ್ಲ.

ಪೇಡೆನಗರ
ಹಂಗ ಅಂದ್ರ ಒಪ್ಪಿದೆ ಬಿಡ್ರಿ.

ಎಚ್4 ಡೈರಿ
ನನಗೊಂದು ಡೌಟ್. ನಮ್ಮಲ್ಲಿ ಎಚ್1ಬಿ ಮೇಲೆ ಬಂದವರು ಗನ್ ಇಟ್ಕೋಬಹುದಾ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಬ್ರ ಮನೇಲಿದೆ, ಅದಕ್ಕೇ ಕೇಳ್ದೆ. ಇನ್ನೊಂದು, ನಮ್ಮವರು ಯಾಕೆ ಪೊಲೀಸ್‌ಗೆ ಫೋನ್ ಮಾಡಲ್ಲ ಅಂತ ಹೊರಗಿನವರಿಗೆ ಅರ್ಥ ಆಗಲ್ಲ. ನನ್ನ ವೀಸಾ ಅವರ ವೀಸಾ ಮೇಲೆ ನಿಂತಿದೆ, ಅವರಿಗೆ ಶಿಕ್ಷೆ ಆದ್ರೆ ದೇಶ ಬಿಡಬೇಕು, ಆಗ ನಾನೂ ಮಗುವೂ ಬಿಡಬೇಕು, ಊರಿಗೆ ಹೋದ್ರೆ ಅತ್ತೆ ಮನೆಯವರು ನಿನ್ನಿಂದಲೇ ಅವನ ಕೆಲಸ ಹೋಯ್ತು ಅಂತಾರೆ. ಇದೆಲ್ಲ ಒಂದೇ ಸಲ ತಲೇಲಿ ಬರುತ್ತೆ ಫೋನ್ ಕೈಗೆ ತಗೊಂಡಾಗ.

ತುಂಗಾತೀರ
ಮೊದಲನೇದು, ತಾತ್ಕಾಲಿಕ ವೀಸಾದವರು ಸಾಮಾನ್ಯವಾಗಿ ಗನ್ ಇಟ್ಕೊಳ್ಳೋ ಹಾಗಿಲ್ಲ, ಹೊಡೆತದ ಮಾತು ಬೇಡ, ವೀಸಾ ಕಾರಣಕ್ಕೇ ಇಲ್ಲ. ಆದ್ರೆ ಒಂದು ವಿನಾಯಿತಿ ಇದೆ, ಯಾವುದಾದ್ರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ರೆ ಇಟ್ಕೋಬಹುದು. ತುಂಬಾ ಜನ ಬೇಟೆ ಲೈಸೆನ್ಸ್ ಮಾಡಿಸೋದೇ ಅದಕ್ಕೆ. ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆ ಇಲ್ಲ.

ಎರಡನೇದು, ನೀವು ಬರೆದ ಒಂದೊಂದು ಸಾಲೂ ಸತ್ಯ. ಸಿಟಿಜನ್ ಅಲ್ಲದವರಿಗೆ ಮನೆಹಿಂಸೆಯ ಶಿಕ್ಷೆ ಆದ್ರೆ, ಅಥವಾ ರಕ್ಷಣಾ ಆದೇಶ ಮೀರಿದ್ದು ಕೋರ್ಟಲ್ಲಿ ಸಾಬೀತಾದ್ರೆ, ದೇಶದಿಂದ ಕಳಿಸೋಕೆ ಅದು ಕಾರಣ ಆಗುತ್ತೆ. ಆದ್ರೆ ಹಿಂಸೆಗೆ ಒಳಗಾದವರಿಗೆ ಅಂತಲೇ ಯು ವೀಸಾ ಇದೆ, ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಆಗಿದ್ರೆ ಹೆಂಡತಿ ತಾನೇ ಅರ್ಜಿ ಹಾಕ್ಕೊಳ್ಳೋ ದಾರಿ ಇದೆ. ಇಮಿಗ್ರೇಷನ್ ವಕೀಲರ ಹತ್ರ ಒಂದ್ಸಲ ಮಾತಾಡದೇ ಯಾವ ತೀರ್ಮಾನಕ್ಕೂ ಬರಬೇಡಿ. ರಾಷ್ಟ್ರೀಯ ಹೆಲ್ಪ್‌ಲೈನ್ 1-800-799-7233, ರಾತ್ರಿ ಹಗಲು ಎತ್ತುತ್ತಾರೆ, ನಮ್ಮ ಭಾಷೆಯವರು ಬೇಕು ಅಂತ ಕೇಳಿ, ದುಭಾಷಿ ಕೊಡ್ತಾರೆ. ನಿಮಗೇ ಏನಾದ್ರೂ ಇದ್ರೆ ನನಗೆ ಪರ್ಸನಲ್ ಮೆಸೇಜ್ ಮಾಡಿ ತಂಗಿ. ಮಾಡೋದು ಅವನು ನೋಡದೇ ಇರೋ ಫೋನ್‌ನಿಂದ.

ಎಚ್4 ಡೈರಿ
ಮಾಡಿದೀನಿ ಅಕ್ಕ.

ಸಿಲಿಕಾನ್ ಸೊಪ್ಪು
ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ನೆನಪಿದೆಯಾ ಯಾರಿಗಾದ್ರೂ? ಅದೂ ಟೆಕ್ಸಾಸ್, 2017ರ ನವೆಂಬರ್ 5, ಭಾನುವಾರ ಚರ್ಚ್‌ನಲ್ಲಿ 26 ಜೀವ ಹೋಯ್ತು, ಹೊಟ್ಟೆಯಲ್ಲಿದ್ದ ಕೂಸೂ ಸೇರಿ. ಕೊಂದವನು ಹಿಂದೆ ಏರ್‌ಫೋರ್ಸ್‌ನಲ್ಲಿದ್ದಾಗ ಹೆಂಡತಿಗೂ ಅವಳ ಪುಟ್ಟ ಮಗನಿಗೂ ಹೊಡೆದು 2012ರಲ್ಲಿ ಮಿಲಿಟರಿ ಕೋರ್ಟಲ್ಲಿ ಶಿಕ್ಷೆ ಆಗಿತ್ತು. ಕಾನೂನಿನ ಪ್ರಕಾರ ಜೀವಮಾನ ಗನ್ ಮುಟ್ಟೋ ಹಾಗಿರಲಿಲ್ಲ. ಆದ್ರೆ ಏರ್‌ಫೋರ್ಸ್ ಆ ದಾಖಲೆಯನ್ನ ಎಫ್‌ಬಿಐಗೆ ಕಳಿಸಲೇ ಇಲ್ಲ. ಅಂಗಡಿಯವರು ಕಂಪ್ಯೂಟರ್‌ನಲ್ಲಿ ನೋಡಿದ್ರು, ಏನೂ ಇಲ್ಲ ಅಂತ ಬಂತು, ಮಾರಿದ್ರು. ಅವನು ಹೋಗಿದ್ದು ಎರಡನೇ ಹೆಂಡತಿಯ ತಾಯಿ ಹೋಗ್ತಿದ್ದ ಚರ್ಚ್‌ಗೆ. 2021ರಲ್ಲಿ ಒಬ್ಬ ಫೆಡರಲ್ ಜಡ್ಜ್ ಈ ದುರಂತದಲ್ಲಿ ಸರ್ಕಾರದ ಹೊಣೆ ಶೇಕಡ 60 ಅಂತ ಹೇಳಿದ್ರು. ಒಂದು ಫಾರ್ಮ್ ಕಳಿಸದೇ ಇದ್ದಿದ್ದಕ್ಕೆ.

ಹೇಮಾವತಿ ವಕೀಲ
ಇನ್ನೊಂದು ಕೇಸು ನನ್ನನ್ನ ತುಂಬಾ ಕಾಡಿದ್ದು, ಕೊಲರಾಡೋದ ಕ್ಯಾಸಲ್ ರಾಕ್. 1999ರ ಜೂನ್. ಜೆಸ್ಸಿಕಾ ಗೊನ್ಜಾಲಿಸ್ ಅನ್ನೋ ತಾಯಿ, ಗಂಡನ ಮೇಲೆ ರಕ್ಷಣಾ ಆದೇಶ ಇತ್ತು, ಅವನು ಮನೆ ಮುಂದೆ ಆಡ್ತಿದ್ದ ಮೂರು ಹೆಣ್ಣುಮಕ್ಕಳನ್ನ ಕರ್ಕೊಂಡು ಹೋದ. ಆ ತಾಯಿ ಸಂಜೆಯಿಂದ ರಾತ್ರಿವರೆಗೆ ಪೊಲೀಸರಿಗೆ ಮೇಲಿಂದ ಮೇಲೆ ಫೋನ್ ಮಾಡಿದ್ಲು, ಸ್ಟೇಷನ್‌ಗೂ ಹೋದ್ಲು, ಇನ್ನೂ ಸ್ವಲ್ಪ ಹೊತ್ತು ನೋಡಿ ಅಂತಲೇ ಹೇಳಿದ್ರು. ಅವನು ಅದೇ ಸಂಜೆ ಗನ್ ಕೊಂಡಿದ್ದ. ಬೆಳಗಿನ ಜಾವ ಮೂರೂಕಾಲರ ಮೇಲೆ ಪೊಲೀಸ್ ಸ್ಟೇಷನ್ ಮುಂದೆ ಬಂದು ಗುಂಡು ಹಾರಿಸಿದ, ಅವರೂ ಹಾರಿಸಿದ್ರು, ಅವನು ಸತ್ತ. ಗಾಡಿಯಲ್ಲಿ ಮೂರೂ ಮಕ್ಕಳ ಹೆಣ ಇತ್ತು. 2005ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಹೇಳಿದ್ದು, ಆದೇಶವನ್ನ ಪೊಲೀಸರು ಜಾರಿ ಮಾಡಲೇಬೇಕು ಅನ್ನೋ ಸಾಂವಿಧಾನಿಕ ಹಕ್ಕು ಆ ತಾಯಿಗೆ ಇಲ್ಲ ಅಂತ. ತುಂಗಾ ಮೇಡಂ ಕೇಳಿದ ಪ್ರಶ್ನೆಗೆ ಆ ದೇಶದ ದೊಡ್ಡ ಕೋರ್ಟ್ ಕೊಟ್ಟ ಉತ್ತರ ಇದು. ಆದೇಶ ಬರೆಯೋದು ಕೋರ್ಟಿನ ಕೆಲಸ, ತರೋದು ಯಾರ ಕರ್ತವ್ಯವೂ ಅಲ್ಲ.

ಭಾನುವಾರದ ರೇಂಜ್
ಎರಡು ದಿನ ಯೋಚನೆ ಮಾಡಿ ಇದನ್ನ ಬರೀತಿದೀನಿ. ಫ್ರೆಂಡ್ ಮನೇಲಿದೆ ಅಂತ ಬರೆದ್ರಲ್ಲ ಮೇಡಂ, ಆ ಥರದ ಫ್ರೆಂಡ್ ನಾನೇ ಆಗಿದ್ದೆ ಒಂದ್ಸಲ. ಜೊತೆಗೆ ರೇಂಜ್‌ಗೆ ಬರ್ತಿದ್ದವನು, ನಮ್ಮವನಲ್ಲ, ಇಲ್ಲಿಯವನೇ. ಹೆಂಡತಿ ಆರ್ಡರ್ ತಗೊಂಡಿದಾಳೆ, ಸ್ವಲ್ಪ ದಿನ ಇಟ್ಕೋ ಅಂತ ನಾಲ್ಕು ಗನ್ ಕೊಟ್ಟ. ನಾನು ಒಳ್ಳೇ ಕೆಲಸ ಅಂದ್ಕೊಂಡೇ ಲಾಕರ್‌ನಲ್ಲಿಟ್ಟೆ. ಎರಡು ವಾರ ಆದಮೇಲೆ ರಾತ್ರಿ ಹತ್ತು ಗಂಟೆಗೆ ಬಂದು ಒಂದನ್ನಾದ್ರೂ ಕೊಡು, ಕಾರಲ್ಲಿ ಏನೂ ಇಲ್ಲದೆ ಓಡಾಡೋಕೆ ಆಗ್ತಿಲ್ಲ ಅಂದ. ಅವನ ಮುಖ ನೋಡಿ ಕೊಡೋಕೆ ಮನಸ್ಸು ಬರಲಿಲ್ಲ, ಕೀ ಆಫೀಸಲ್ಲಿದೆ ಅಂತ ಸುಳ್ಳು ಹೇಳಿದೆ. ಆಮೇಲೆ ಗೊತ್ತಾಯ್ತು, ಆದೇಶ ಇದೆ ಅಂತ ಗೊತ್ತಿದ್ದೂ ಅವನ ಕೈಗೆ ಗನ್ ಕೊಟ್ರೆ ಕೊಟ್ಟವನದ್ದೂ ಫೆಡರಲ್ ಅಪರಾಧ. ಅವತ್ತು ಕೊಟ್ಟಿದ್ರೆ ಏನಾಗ್ತಿತ್ತೋ. ಗನ್ ಇರೋರಿಗೆ ಹೇಳ್ತೀನಿ, ಗೆಳೆತನಕ್ಕೆ ಅಂತ ಇಟ್ಕೋಬೇಡಿ, ಡೀಲರ್ ಹತ್ರ ರಸೀದಿ ತಗೊಂಡು ಇಡು ಅಂತ ಹೇಳಿ ಕಳಿಸಿ. ಅಮೆರಿಕಾದಲ್ಲಿ ಯಾರ ಹತ್ರ ಎಷ್ಟು ಗನ್ ಇದೆ ಅಂತ ಸರ್ಕಾರದ ಹತ್ರ ಪಟ್ಟಿಯೇ ಇಲ್ಲ, ಅಂಥ ಪಟ್ಟಿ ಮಾಡಬಾರದು ಅಂತ 1986ರಲ್ಲೇ ಕಾನೂನಾಗಿದೆ, ಆ ಕಾನೂನು ಬೇಕು ಅನ್ನೋನೇ ನಾನು. ಆದ್ರೆ ಪಟ್ಟಿ ಇಲ್ಲ ಅಂದಮೇಲೆ ಜಡ್ಜ್ ಆದವರು ಹೆಂಡತಿನ ಕೂರಿಸಿ ಎಷ್ಟು ಗನ್, ಎಲ್ಲಿಡ್ತಾನೆ ಅಂತ ಕೇಳಲೇಬೇಕು, ಬೇರೆ ದಾರಿ ಇಲ್ಲ.

ತುಂಗಾತೀರ
ಇಷ್ಟು ಬಿಚ್ಚಿ ಬರೆದಿದ್ದಕ್ಕೆ ನಿಮಗೆ ಕೈ ಮುಗೀತೀನಿ ಸರ್. ಆ ರಾತ್ರಿ ಕೀ ಆಫೀಸಲ್ಲಿದೆ ಅಂದ್ರಲ್ಲ, ಅವಳಿಗೆ ಇವತ್ತಿಗೂ ಗೊತ್ತಿರಲ್ಲ ನೀವು ಏನು ಮಾಡಿದ್ರಿ ಅಂತ.

ಕಾಫಿ ಹೂ
ನಾನು ಇಲ್ಲಿ ಯಾವತ್ತೂ ಬರೆದಿಲ್ಲ, ಓದ್ತೀನಿ ಅಷ್ಟೆ. ನಮ್ಮದು ಮೂಡಿಗೆರೆ ಹತ್ರ. ಅಮೆರಿಕಾ ಬಿಡಿ, ನಮ್ಮ ಕಡೆ ತೋಟ ಇರೋರ ಮನೇಲೆಲ್ಲ ಕೋವಿ ಇರುತ್ತೆ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸು, ಹಂದಿ ಕಾಟ ಮಂಗನ ಕಾಟ ನಿಮಗೆ ಗೊತ್ತೇ ಇದೆ.

ನಮ್ಮ ಚಿಕ್ಕಪ್ಪನ ಮನೇಲಿ ಜೋಡಿ ನಳಿಗೆ ಕೋವಿ, ನಡುಮನೆ ಗೋಡೆಗೆ ಹಾಕಿರ್ತಾರೆ. ಚಿಕ್ಕಪ್ಪ ಕುಡಿದಾಗ ಬೇರೆ ಮನುಷ್ಯ. ಇವತ್ತಿನವರೆಗೆ ಗುಂಡು ಹಾರಿಸಿಲ್ಲ, ಆದ್ರೆ ಗೋಡೆಯಿಂದ ಇಳಿಸಿ ತೊಡೆ ಮೇಲಿಟ್ಕೊಂಡು ಕೂರ್ತಾರೆ, ಚಿಕ್ಕಮ್ಮ ಊಟ ಬಡಿಸಬೇಕು. ಮಾತೇ ಆಡಲ್ಲ. ಚಿಕ್ಕಮ್ಮ ಸಂಜೆ ಜೀಪ್ ಶಬ್ದ ಕೇಳಿದ ಕೂಡ್ಲೇ ತೋಟಾ ಎಲ್ಲ ತೆಗೆದು ಅಕ್ಕಿ ಡಬ್ಬದ ತಳಕ್ಕೆ ಹಾಕ್ತಾರೆ, ಬೆಳಿಗ್ಗೆ ಮತ್ತೆ ಅದರ ಜಾಗಕ್ಕೆ ಇಡ್ತಾರೆ, ಗೊತ್ತಾದ್ರೆ ಕಷ್ಟ ಅಂತ. ನಾನು ಚಿಕ್ಕವಳಿದ್ದಾಗ ಅಕ್ಕಿ ಅಳೆಯೋಕೆ ಹೋಗಿ ಪಾವಿನ ಜೊತೆ ಒಂದು ತೋಟಾ ಬಂತು, ಚಿಕ್ಕಮ್ಮ ಬಂದು ನನ್ನ ಬಾಯಿ ಮುಚ್ಚಿದ್ರು. 20 ವರ್ಷ ಆಯ್ತು, ಅವರು ಇನ್ನೂ ಅದನ್ನೇ ಮಾಡ್ತಿದಾರೆ.

ಇದೆಲ್ಲ ಯಾಕೆ ಬರೀತಿದೀನಿ ಅಂದ್ರೆ, ಎಲೆಕ್ಷನ್ ಬಂತು ಅಂದ್ರೆ ಕೋವಿ ಎಲ್ಲ ಠಾಣೆಗೆ ಡೆಪಾಸಿಟ್ ಮಾಡಬೇಕಲ್ಲ, ರಿಸಲ್ಟ್ ಆಗಿ ವಾಪಸ್ ಬರೋವರೆಗೆ ಚಿಕ್ಕಮ್ಮ ಚೆನ್ನಾಗಿ ನಿದ್ದೆ ಮಾಡ್ತಾರೆ. ಲೋಕಸಭೆ, ವಿಧಾನಸಭೆ ಎಲೆಕ್ಷನ್ ಯಾವಾಗ ಅಂತ ಅವರೇ ಕೇಳ್ತಿರ್ತಾರೆ. ಮನೇಲಿ ಎಲ್ಲರೂ ಚಿಕ್ಕಮ್ಮನಿಗೆ ರಾಜಕೀಯದ ಹುಚ್ಚು ಅಂದ್ಕೊಂಡಿದಾರೆ.

ವೋಟಿಗೋಸ್ಕರ ಕೋವಿ ಇಸ್ಕೊಳ್ಳೋಕೆ ಆಗುತ್ತೆ ಅಂದ್ರೆ ಚಿಕ್ಕಮ್ಮನಿಗೋಸ್ಕರ ಯಾಕೆ ಆಗಲ್ಲ?

ತುಂಗಾತೀರ
ಅಯ್ಯೋ ತಂಗಿ. ನಾನು ಆಫೀಸಲ್ಲಿ ಕೂತು ಅಳ್ತಿದೀನಿ.

ಮಂಜಿನೂರು
ಕೊಡಗಿನಿಂದ ಬರೀತಿದ್ದೇನೆ. ನಮಗೆ ಕೋವಿ ಬರೀ ಆಯುಧ ಅಲ್ಲ, ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ (ಕೋವಿ) ಇಟ್ಟು ಹೂವು ಏರಿಸಿ ಪೂಜೆ ಮಾಡುವವರು ನಾವು, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಎಲೆಕ್ಷನ್‌ಗೆ ಎಲ್ಲರ ಕೋವಿಯನ್ನೂ ಒಟ್ಟಿಗೆ ಠಾಣೆಗೆ ತರಿಸುವುದನ್ನು ನಾವು ವಿರೋಧಿಸಿಕೊಂಡೇ ಬಂದಿದ್ದೇವೆ, ತಪ್ಪು ಮಾಡದವನ ಕೋವಿ ಯಾಕೆ ಕೊಡಬೇಕು ಅಂತ. ಆ ಮಾತಿಗೆ ಈಗಲೂ ಬದ್ಧ.

ಆದರೆ ಕಾಫಿ ಹೂ ಅವರೇ, ನೀವು ಬರೆದದ್ದನ್ನು ನನ್ನ ತಾಯಿಗೆ ಓದಿ ಹೇಳಿದೆ. ಅವರು ಹೇಳಿದ್ದು, ಹೆಣ್ಣಿನ ಎದುರು ತೋಕ್ ತೊಡೆ ಮೇಲೆ ಇಟ್ಟುಕೊಂಡು ಉಣ್ಣುವವನು ತೋಕ್‌ಗೆ ಪೂಜೆ ಮಾಡಲು ಯೋಗ್ಯನಲ್ಲ ಅಂತ. ವಿನಾಯಿತಿ ಇರುವುದು ಲೈಸೆನ್ಸ್‌ಗೆ, ಹೆಂಡತಿಯನ್ನು ಹೆದರಿಸಲು ಅಲ್ಲ. ತಪ್ಪು ಮಾಡಿದವನೊಬ್ಬನ ಕೋವಿ ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಯಾರೂ ಅಡ್ಡ ಬರಬಾರದು.

ಹೇಮಾವತಿ ವಕೀಲ
ಕಾಫಿ ಹೂ ಅವರ ಪ್ರಶ್ನೆಗೆ ಉತ್ತರ, ಆಗುತ್ತೆ. ಯಾರೂ ಕೇಳಲ್ಲ ಅಷ್ಟೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮ ದೇಶದಲ್ಲಿ ಅಮೆರಿಕಾದ ಥರ ಮನೆಹಿಂಸೆ ಮಾಡಿದವನಿಗೆ ಗನ್ ಇಲ್ಲ ಅಂತ ಒಂದು ಪ್ರತ್ಯೇಕ ಕಾನೂನಿಲ್ಲ. ಆದ್ರೆ 1959ರ ಆಯುಧ ಕಾಯ್ದೆಯ 9ನೇ ಸೆಕ್ಷನ್ ನೋಡಿ, ಹಿಂಸೆ ಇರೋ ಅಪರಾಧದಲ್ಲಿ ಜೈಲು ಶಿಕ್ಷೆ ಆದವನು ಶಿಕ್ಷೆ ಮುಗಿದು 5 ವರ್ಷ ಆಗೋವರೆಗೆ ಆಯುಧ ಇಟ್ಕೊಳ್ಳೋ ಹಾಗಿಲ್ಲ. ಅದೇ ಸೆಕ್ಷನ್‌ನಲ್ಲಿ ಇನ್ನೊಂದಿದೆ, ಶಾಂತಿ ಕಾಪಾಡ್ತೀನಿ ಅಂತ ಮುಚ್ಚಳಿಕೆ ಬರೆದುಕೊಡಲು ಆದೇಶ ಆಗಿದ್ರೆ ಆ ಅವಧಿ ಪೂರ್ತಿ ಇಟ್ಕೊಳ್ಳೋ ಹಾಗಿಲ್ಲ. ಮೇಲೆ ಹೇಳಿದ್ನಲ್ಲ, ರಾಬರ್ಟ್ಸ್ ಹಳೇ ಪುಸ್ತಕ ತೆಗೆದು ಹುಡುಕಿದ್ದು ಇದನ್ನೇ, ನಮ್ಮಲ್ಲಿ ಅದು ಕಣ್ಣೆದುರಿಗೇ ಇದೆ. ಹಳೇ ಸಿಆರ್‌ಪಿಸಿಯ 107 ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 126.

17ನೇ ಸೆಕ್ಷನ್‌ನಲ್ಲಿ ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯ ಅನ್ನಿಸಿದ್ರೆ ಲೈಸೆನ್ಸ್ ಕೊಟ್ಟ ಅಧಿಕಾರಿಯೇ ಅಮಾನತು ಅಥವಾ ರದ್ದು ಮಾಡಬಹುದು. 22ರಲ್ಲಿ, ಈ ವ್ಯಕ್ತಿ ಕೈಯಲ್ಲಿ ಆಯುಧ ಬಿಟ್ರೆ ಅಪಾಯ ಅಂತ ನಂಬೋಕೆ ಕಾರಣ ಇದ್ರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಕಾರಣ ಬರೆದು ಶೋಧ ಮಾಡಿಸಿ ವಶಕ್ಕೆ ತಗೋಬಹುದು. ಕೊಡಗಿನ ವಿನಾಯಿತಿ ಇರೋದು ಲೈಸೆನ್ಸ್ ಕೇಳೋ ಸೆಕ್ಷನ್‌ಗಳಿಗೆ, 22 ಅದರಲ್ಲಿ ಬರಲ್ಲ.

ಇನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ಕ್ಕೆ. ಅದರ ನಿಯಮಗಳಲ್ಲಿ 10ನೇದು ತುಂಬಾ ಜನ ವಕೀಲರೂ ಓದಿರಲ್ಲ. ಮ್ಯಾಜಿಸ್ಟ್ರೇಟ್ ಲಿಖಿತವಾಗಿ ಹೇಳಿದ್ರೆ, ದೌರ್ಜನ್ಯಕ್ಕೆ ಬಳಸಿದ ಆಯುಧವನ್ನ ವಶಕ್ಕೆ ತಗೊಳ್ಳೋಕೆ ಸಂರಕ್ಷಣಾಧಿಕಾರಿ ಪೊಲೀಸರ ಸಹಾಯ ಪಡೀಬೇಕು ಅಂತ ಅಲ್ಲಿ ಸ್ಪಷ್ಟವಾಗಿದೆ. ಅಂದ್ರೆ ತುಂಗಾ ಮೇಡಂ ಕೇಳ್ತಿರೋ "ತರೋರು ಯಾರು" ಅನ್ನೋದಕ್ಕೆ ನಮ್ಮ ನಿಯಮದಲ್ಲಿ ಹೆಸರಿಟ್ಟು ಉತ್ತರ ಇದೆ. ಪೊಲೀಸರ ಹತ್ರ ಯಾರ ಮನೇಲಿ ಯಾವ ಕೋವಿ ಅಂತ ರಿಜಿಸ್ಟರ್ ಇದೆ, ಅಮೆರಿಕಾದಲ್ಲಿ ಇಲ್ಲದ್ದು ಅದು. ಇಡೋಕೆ ಠಾಣೇಲಿ ಜಾಗ ಇದೆ, ರಸೀದಿ ಪುಸ್ತಕ ಇದೆ, ಎಲೆಕ್ಷನ್‌ಗೆ ಮಾಡಿ ಮಾಡಿ ಅಭ್ಯಾಸವೂ ಇದೆ. ಇಷ್ಟೆಲ್ಲ ಇಟ್ಕೊಂಡು ನಾನು 18 ವರ್ಷದ ಪ್ರಾಕ್ಟೀಸ್‌ನಲ್ಲಿ ಒಂದೇ ಒಂದು ಕೌಟುಂಬಿಕ ದೌರ್ಜನ್ಯದ ಅರ್ಜಿಯಲ್ಲೂ ಕೋವಿ ತಗೊಳ್ಳಿ ಅಂತ ಪ್ರಾರ್ಥನೆ ಬರೆದಿಲ್ಲ. ಜೀವನಾಂಶ ಬರೆದೆ, ಮನೆ ಬರೆದೆ, ಒಡವೆ ಬರೆದೆ. ನಾನಿರೋದು ಹಾಸನದಲ್ಲಿ, ಸಕಲೇಶಪುರ ಆಲೂರಿನಿಂದ ಬರೋ ಹೆಣ್ಮಕ್ಕಳ ಮನೇಲೆಲ್ಲ ಕೋವಿ ಇದ್ದೇ ಇತ್ತು. ಕೇಳಬೇಕು ಅಂತ ಹೊಳೀಲಿಲ್ಲ, ಅದು ನನ್ನ ತಪ್ಪು.

ಸಿಲಿಕಾನ್ ಸೊಪ್ಪು
ಲೈಸೆನ್ಸ್ ಇರೋದು ಸರಿ ಸರ್, ಕಳ್ಳ ಕೋವಿ ಆದ್ರೆ?

ಹೇಮಾವತಿ ವಕೀಲ
ಅದು ಇಟ್ಕೊಂಡಿರೋದೇ ಅಪರಾಧ, 112ಕ್ಕೆ ಹೇಳಿದ್ರೆ ಪೊಲೀಸರು ಬರಲೇಬೇಕು. ಆದ್ರೆ ಹೇಳಿದ್ದು ಹೆಂಡತಿ ಅಂತ ಅವನಿಗೆ ಗೊತ್ತಾಗದ ಹಾಗೆ ನೋಡ್ಕೋಬೇಕು, ಮೊದಲು ಅವಳು ಆ ಮನೆಯಿಂದ ಹೊರಗೆ ಬಂದಿರಬೇಕು.

ಕಾಫಿ ಹೂ
ಸರ್, ಚಿಕ್ಕಮ್ಮ ಕೋರ್ಟಿಗೆ ಹೋಗಲ್ಲ. ಮನೆ ಬಿಡಲ್ಲ ಅಂತಾರೆ, ಹಸು ಇದೆ, ಮಗಳ ಮದುವೆ ಇದೆ. ಕೋವಿ ಒಂದು ಹೋದ್ರೆ ಸಾಕು ನನಗೆ, ಉಳಿದದ್ದು ನಾನು ನೋಡ್ಕೋತೀನಿ ಅಂದ್ರು. ಕೋರ್ಟಿಗೆ ಹೋಗದೇ ಆಗುತ್ತಾ?

ಹೇಮಾವತಿ ವಕೀಲ
ಡಿಸಿಯವರಿಗೆ, ಅವರೇ ಜಿಲ್ಲಾ ಮ್ಯಾಜಿಸ್ಟ್ರೇಟ್, ಅರ್ಜಿ ಕೊಡಬಹುದಮ್ಮ, ಕನ್ನಡದಲ್ಲೇ, ಬಿಳಿ ಹಾಳೆಯಲ್ಲಿ. ಕೊಡೋದು ಚಿಕ್ಕಮ್ಮನೇ ಆಗಬೇಕು ಅಂತಿಲ್ಲ, ನೀವು ಕೊಟ್ರೂ ಪರಿಶೀಲನೆಗೆ ಪೊಲೀಸರಿಗೆ ಕಳಿಸ್ತಾರೆ, ಒಂದು ಪ್ರತಿ ಎಸ್‌ಪಿಯವರಿಗೆ ಹಾಕಿ. ಕುಡಿದು ಕೋವಿ ಹಿಡಿದು ಕೂರ್ತಾರೆ, ಜೀವಭಯ ಇದೆ, ಯಾವ ಯಾವ ದಿನ ಅಂತ ನೆನಪಿರೋ ಎರಡು ಮೂರು ತಾರೀಕು ಬರೆಯಿರಿ. ಲೈಸೆನ್ಸ್ ನವೀಕರಣ 5 ವರ್ಷಕ್ಕೊಮ್ಮೆ, ಆಗಲೂ ಠಾಣೆಯಿಂದ ವರದಿ ಕೇಳ್ತಾರೆ. ನವೀಕರಣ ಹತ್ತಿರ ಇದ್ರೆ ಇನ್ನೂ ಒಳ್ಳೇದು, ನಿಮ್ಮ ಹೆಸರು ಮುಂದೆ ಬರದೇ ತಡೆಯೋಕೆ ಅನುಕೂಲ. ಅಷ್ಟರಲ್ಲಿ ಚಿಕ್ಕಮ್ಮನಿಗೆ 181 ಮಹಿಳಾ ಸಹಾಯವಾಣಿ ನಂಬರ್ ಬೇರೆ ಏನೋ ಹೆಸರಲ್ಲಿ ಫೋನಲ್ಲಿ ಸೇವ್ ಮಾಡಿಕೊಡಿ. ಅರ್ಜಿ ಕರಡು ನಾನೇ ಬರೆದು ಕೊಡ್ತೀನಿ, ಫೀಸ್ ಮಾತು ಎತ್ತಬೇಡಿ. ಲೈಸೆನ್ಸ್ ನಂಬರು, ಕೋವಿ ನಂಬರು, ಅವಧಿ ಯಾವತ್ತು ಮುಗಿಯುತ್ತೆ, ಈ ಮೂರು ಬೇಕು.

ತುಂಗಾತೀರ
ನನ್ನ ಕಡೆಯಿಂದ ಒಂದು ಸುದ್ದಿ. ನಮ್ಮ ಹುಡುಗಿಯ ವಕೀಲರು ಆದೇಶಕ್ಕೆ ತಿದ್ದುಪಡಿ ಕೇಳಿ ಅರ್ಜಿ ಹಾಕಿದಾರೆ, ಗನ್ ಯಾರಿಗೆ, ಯಾವ ದಿನದ ಒಳಗೆ ಒಪ್ಪಿಸಬೇಕು, ರಸೀದಿ ಕೋರ್ಟಿಗೆ ಯಾವತ್ತು ಕೊಡಬೇಕು ಅಂತ ಬರೆಯಿರಿ ಅಂತ. ಆ ಫ್ರೆಂಡ್ ಯಾರು ಅಂತ ಪ್ರಮಾಣ ಮಾಡಿಸಿ ಹೇಳಿಸಿ ಅಂತಲೂ. ಮುಂದಿನ ಗುರುವಾರ ಹಿಯರಿಂಗ್, ನಾನು ರಜ ಹಾಕಿದೀನಿ.

ಕಾಫಿ ಹೂ
ವಕೀಲ್ ಸರ್, ಲೈಸೆನ್ಸ್ ಪುಸ್ತಕ ಚಿಕ್ಕಪ್ಪನ ಬೀರು ಒಳಗಿದೆ, ಬೀಗದ ಕೀ ಅವರ ಉಡಿದಾರದಲ್ಲಿ. ಸ್ನಾನಕ್ಕೆ ಹೋದಾಗ ತೆಗೆದು ಫೋಟೋ ಹೊಡೆದು ನನಗೆ ಕಳಿಸಿದ್ರು ಚಿಕ್ಕಮ್ಮ, ಕಳಿಸಿ ಫೋನಿಂದ ಅಳಿಸಿದೀನಿ ಅಂತ ಮತ್ತೆ ಫೋನ್ ಮಾಡಿ ಹೇಳಿದ್ರು. ಅವಧಿ ಮುಗಿಯೋಕೆ ಇನ್ನು ನಾಲ್ಕು ತಿಂಗಳಿದೆ. ಫೋಟೋ ನಿಮಗೆ ಮೆಸೇಜ್‌ನಲ್ಲಿ ಹಾಕ್ತೀನಿ.

ಹೇಮಾವತಿ ವಕೀಲ
ಬಂತಮ್ಮ. ನಂಬರ್ ಎಲ್ಲ ಚೆನ್ನಾಗಿ ಕಾಣ್ತಿದೆ. ನಾಳೆ ಬೆಳಿಗ್ಗೆ ಕರಡು ಕಳಿಸ್ತೀನಿ.